ಮಲ್ಪೆಯ ಕಡಲಿಗೆ ಹೋಗುವ ಮುನ್ನ



ಹೊಳೆನರಸೀಪುರದ ರೈಲು ನಿಲ್ದಾಣದಲ್ಲಿರುವ ಹಳದಿ ಬಣ್ಣದ ಫಲಕವನ್ನು ಎಂದಾದರೂ ಪೂರ್ತಿ ಓದಿದ್ದೀರಾ? ನಮ್ಮ ದೇಶದ ರೈಲು ನಿಲ್ದಾಣಗಳ ಫಲಕಗಳಲ್ಲಿ ಊರಿನ ಹೆಸರಿನ ಜೊತೆಗೆ, ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆಯುವ ಪದ್ಧತಿ ಇದೆ. ನಮ್ಮ ಸೀಮೆ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಒಮ್ಮೆ ಹರದನಹಳ್ಳಿಯ ಶಾಲೆಯಲ್ಲಿ ಇದನ್ನು ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಸಮುದ್ರದಲ್ಲಿ ಅಲೆ ಏಳ್ತಾ ಇರುತ್ತೆ ಅಂತೀರಿ. ಹಂಗಾದ್ರೆ ಅದರ ಮಟ್ಟ ಯಾವುದು?" ಎಂದು ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ! ಆ ತರಗತಿಯಲ್ಲಿ ಸಮುದ್ರ ನೋಡಿದವರು ಯಾರು ಎಂದು ಕೇಳಿದೆ. ಮೂರು ಕೈಗಳು ಮಾತ್ರ ಮೇಲೆದ್ದವು.

ಆ ವರ್ಷದ ಶಾಲಾ ಪ್ರವಾಸಕ್ಕೆ ಮಲ್ಪೆ ಎಂದು ಗೊತ್ತಾಗಿತ್ತು. ನಿಮ್ಮಲ್ಲಿಯೂ ಎಷ್ಟೋ ಶಾಲೆಗಳವರು ಡಿಸೆಂಬರ್, ಜನವರಿಯಲ್ಲಿ ಕರಾವಳಿಗೆ ಹೊರಡುತ್ತೀರಿ. ಕೆರೆ, ನಾಲೆ, ಹೊಳೆಗಳನ್ನು ನೋಡಿ ಬೆಳೆದ ನಾವು ಕಡಲನ್ನು ಒಂದು ದೊಡ್ಡ ಕೆರೆ ಎಂದೇ ತಿಳಿದು ಹೋಗುತ್ತೇವೆ. ಅದು ಕೆರೆಯಲ್ಲ. ಅದರ ರೀತಿಯೇ ಬೇರೆ. ಆ ರೀತಿಯನ್ನು ಬಸ್ಸು ಹತ್ತುವ ಮೊದಲೇ ಸ್ವಲ್ಪ ತಿಳಿದುಕೊಳ್ಳೋಣ.

ಘಟ್ಟ ಇಳಿಯುವಾಗ

ಮಲ್ಪೆ ಉಡುಪಿ ಜಿಲ್ಲೆಯ ಊರು. ಉಡುಪಿ ಪೇಟೆಯಿಂದ ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರ್. ನಮ್ಮ ಕಡೆಯಿಂದ ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ಮಂಗಳೂರಿನ ಮೇಲೆ ಹೋಗಬಹುದು.

ದಾರಿಯಲ್ಲೇ ಒಂದು ಪ್ರಯೋಗ ಮಾಡಿ. ಸಕಲೇಶಪುರದಲ್ಲಿ ಬಸ್ಸು ನಿಂತಾಗ, ನೀರು ಕುಡಿದು ಖಾಲಿಯಾದ ತೆಳುವಾದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಚೀಲದಲ್ಲಿಡಿ. ಮಂಗಳೂರಿನಲ್ಲಿ ತೆಗೆದು ನೋಡಿ. ಯಾರೋ ಹಿಸುಕಿದ ಹಾಗೆ ಬಾಟಲಿಯ ಪಕ್ಕೆಗಳು ಒಳಗೆ ಹೋಗಿರುತ್ತವೆ. ಮೇಲಿನ ಸೀಮೆಯಲ್ಲಿ ನಮ್ಮ ತಲೆಯ ಮೇಲಿರುವ ಗಾಳಿ ಕಡಿಮೆ, ಆದ್ದರಿಂದ ಅದರ ಒತ್ತಡವೂ ಕಡಿಮೆ. ಕಡಲಂಚಿಗೆ ಇಳಿದಾಗ ಹೊರಗಿನ ಗಾಳಿಯ ಒತ್ತಡ ಹೆಚ್ಚುತ್ತದೆ. ಬಾಟಲಿಯೊಳಗೆ ಸಕಲೇಶಪುರದ ಗಾಳಿಯೇ ಇರುವುದರಿಂದ ಅದು ಸೋಲುತ್ತದೆ. ಘಾಟಿಯಲ್ಲಿ ಕಿವಿ ಮುಚ್ಚಿದಂತಾಗುವುದೂ ಇದೇ ಕಾರಣದಿಂದ. ಎಂಜಲು ನುಂಗಿದರೆ ಸರಿಹೋಗುತ್ತದೆ. ನಮ್ಮಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಮಲ್ಪೆಯಲ್ಲಿ ಪಠ್ಯಪುಸ್ತಕದಲ್ಲಿರುವಂತೆ 100 ಡಿಗ್ರಿಯಲ್ಲಿ!

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಹರದನಹಳ್ಳಿಯಿಂದ ಹತ್ತಿರದ ಕಡಲು ಎಂದರೆ ಪಶ್ಚಿಮದ ಅರಬ್ಬಿ ಸಮುದ್ರ. ಆದರೆ ನಿಮ್ಮೂರಲ್ಲಿ ಬಿದ್ದ ಮಳೆ ಅಲ್ಲಿಗೆ ಹೋಗುವುದಿಲ್ಲ. ಅದು ಹೇಮಾವತಿಗೆ ಸೇರಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯಾಗಿ, ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಸಕಲೇಶಪುರದ ಆಚೆ ಘಟ್ಟದ ನೆತ್ತಿ ದಾಟಿದ ಮೇಲೆ ಬೀಳುವ ಮಳೆ ಮಾತ್ರ ಹಳ್ಳಗಳಲ್ಲಿ ಇಳಿದು, ನೇತ್ರಾವತಿಯ ಜೊತೆ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ನೆತ್ತಿಯ ಮೇಲೆ ಅಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳು ಎರಡು ಬೇರೆ ಬೇರೆ ಸಮುದ್ರಗಳಿಗೆ ಹೋಗುವುದೆಂದರೆ!

ಮೀನುಗಾರರ ಊರು

ಮಲ್ಪೆಯಲ್ಲಿ ಇಳಿದ ಕೂಡಲೇ ಮೊದಲು ಗೊತ್ತಾಗುವುದು ವಾಸನೆ. ಮೀನು, ಡೀಸೆಲ್, ಒದ್ದೆ ಬಲೆ ಎಲ್ಲ ಸೇರಿದ ವಾಸನೆ. ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದು ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು, ಸಾವಿರಾರು ಮನೆಗಳ ಅನ್ನ ಇಲ್ಲಿಂದ ಬರುತ್ತದೆ. ಉದ್ಯಾವರ ಹೊಳೆ ಕಡಲು ಸೇರುವ ಅಳಿವೆಯ ಬಳಿ ಬಂದರು ಇದೆ. ಬೋಟುಗಳು ಸಾಲಾಗಿ ನಿಂತಿರುತ್ತವೆ. ಬಂಗುಡೆ, ಬೂತಾಯಿ, ಅಂಜಲ್ ಮೀನುಗಳನ್ನು ಬುಟ್ಟಿಗೆ ತುಂಬಿ, ಮಂಜುಗಡ್ಡೆ ಪುಡಿ ಸುರಿದು ಲಾರಿಗೆ ಏರಿಸುತ್ತಾರೆ. ಹತ್ತಿರದಲ್ಲೇ ಹಡಗು ಕಟ್ಟುವ ಕಾರ್ಖಾನೆಯೂ ಇದೆ. ತೀರದ ಬಳಿ ವಡಭಾಂಡೇಶ್ವರ ಎಂಬಲ್ಲಿ ಬಲರಾಮನ ಗುಡಿಯಿದೆ. ಬಿರುಗಾಳಿಗೆ ಸಿಕ್ಕ ಹಡಗೊಂದನ್ನು ಮಧ್ವಾಚಾರ್ಯರು ಈ ತೀರದಲ್ಲೇ ಪಾರುಮಾಡಿ, ಅದರಲ್ಲಿದ್ದ ಗೋಪಿಚಂದನದ ಹೆಂಟೆಯೊಳಗಿನ ಕೃಷ್ಣನ ಮೂರ್ತಿಯನ್ನು ಉಡುಪಿಯಲ್ಲಿ ಪ್ರತಿಷ್ಠಾಪಿಸಿದರು ಎಂಬ ಕಥೆಯನ್ನು ಇಲ್ಲಿನವರು ಹೇಳುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅನೇಕ ಜಾತಿಯ ಮೀನುಗಳು ಮೊಟ್ಟೆ ಇಡುವ ಕಾಲ ಅದು. ಮುಂಗಾರಿನ ಅಲೆಗಳೂ ಆಗ ಬಲು ಜೋರು. ಹುಟ್ಟಿದಾಗಿನಿಂದ ಕಡಲನ್ನೇ ನೋಡಿದವರೂ ಆ ಎರಡು ತಿಂಗಳು ಅದಕ್ಕೆ ದಾರಿ ಬಿಟ್ಟು ದಡದಲ್ಲಿ ಬಲೆ ಹೊಲಿಯುತ್ತಾ ಕೂರುತ್ತಾರೆ.

ಅಂದಹಾಗೆ, ಕಡಲತೀರಕ್ಕೆ ವಿಹಾರಕ್ಕೆಂದು ಹೋಗುವುದು ಅಂಥ ಹಳೆಯ ಅಭ್ಯಾಸವೇನಲ್ಲ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಕೆಲವು ವೈದ್ಯರು ಸಮುದ್ರಸ್ನಾನದಿಂದ ರೋಗ ವಾಸಿಯಾಗುತ್ತದೆ ಎಂದು ಬರೆದರು. ರಿಚರ್ಡ್ ರಸೆಲ್ ಎಂಬ ವೈದ್ಯರು ಸಮುದ್ರದ ನೀರನ್ನು ಕುಡಿಯಿರಿ ಎಂದೂ ಹೇಳುತ್ತಿದ್ದರಂತೆ. (ನೀವು ಕುಡಿಯಬೇಡಿ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಕುಡಿದರೆ ಬಾಯಾರಿಕೆ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ.) ಬ್ರೈಟನ್ ಎಂಬ ಮೀನುಗಾರರ ಊರು ಹೀಗೆ ವಿಹಾರದ ಪಟ್ಟಣವಾಯಿತು. 1841ರಲ್ಲಿ ಲಂಡನ್ನಿನಿಂದ ಅಲ್ಲಿಗೆ ರೈಲು ಬಂದ ಮೇಲೆ ಜನಸಾಗರವೇ ಹರಿಯಿತು. ಆ ಕಾಲದಲ್ಲಿ ಗಾಲಿಗಳ ಮೇಲಿನ ಮರದ ಕೋಣೆಯನ್ನು ಕುದುರೆಯಿಂದ ನೀರಿಗೆ ಎಳೆಸಿ, ಅದರೊಳಗಿನಿಂದ ಇಳಿದು ಸ್ನಾನ ಮಾಡುತ್ತಿದ್ದರು. ಮಲ್ಪೆಯೂ ಮೊದಲು ಮೀನುಗಾರರ ಊರು, ಪ್ರವಾಸಿಗರು ಬಂದದ್ದು ಆಮೇಲೆ. ಇಂದಿಗೂ ಅಲ್ಲಿನ ಹಿರಿಯ ಮೀನುಗಾರರು ಮೋಜಿಗೆಂದು ಅಲೆಗಳಲ್ಲಿ ಆಡುವುದನ್ನು ನಾನು ನೋಡಿಲ್ಲ.

ಸಮುದ್ರದ ಮಟ್ಟ ಯಾವುದು?

ಈಗ ಹರದನಹಳ್ಳಿಯ ಹುಡುಗಿಯ ಪ್ರಶ್ನೆಗೆ ಬರೋಣ. ಬೆಳಿಗ್ಗೆ ಮಲ್ಪೆಯ ಮರಳಿನ ಮೇಲೆ ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿ ಒಂದು ಕಡ್ಡಿ ನೆಡಿ. ಆಟ, ಊಟ ಮುಗಿಸಿ ಮಧ್ಯಾಹ್ನ ಬಂದು ನೋಡಿದರೆ ಕಡ್ಡಿ ನೀರಿನೊಳಗೆ ಇರಬಹುದು, ಇಲ್ಲವೇ ನೀರೇ ಬಹಳ ಹಿಂದೆ ಸರಿದಿರಬಹುದು. ಇದೇ ಉಬ್ಬರ ಮತ್ತು ಇಳಿತ. ಮಲ್ಪೆಯಲ್ಲಿ ನೀರಿನ ಮಟ್ಟ ಹೀಗೆ ಸುಮಾರು ಒಂದರಿಂದ ಒಂದೂವರೆ ಮೀಟರಿನಷ್ಟು ಏರಿ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ.

ಏಕೆ 12 ಗಂಟೆ ಅಲ್ಲ, ಮೇಲೆ 25 ನಿಮಿಷ ಏಕೆ? ಇದರ ಉತ್ತರ ನಿಮ್ಮ ಮನೆಯ ಅಂಗಳದಲ್ಲೇ ಇದೆ. ಹುಣ್ಣಿಮೆಯ ಮರುದಿನ ಚಂದ್ರ ಹಿಂದಿನ ದಿನಕ್ಕಿಂತ ತಡವಾಗಿ ಹುಟ್ಟುತ್ತಾನಲ್ಲವೇ? ದಿನಕ್ಕೆ ಸರಾಸರಿ 50 ನಿಮಿಷ ತಡ. ಸಮುದ್ರವನ್ನು ಮುಖ್ಯವಾಗಿ ಎಳೆಯುವುದು ಚಂದ್ರನೇ. ಚಂದ್ರನ ಕಡೆಗಿರುವ ನೀರು ಹೆಚ್ಚು ಸೆಳೆಯಲ್ಪಟ್ಟು ಉಬ್ಬುತ್ತದೆ. ಭೂಮಿಯ ಆಚೆ ಬದಿಯ ನೀರಿಗೆ ಆ ಸೆಳೆತ ಕಡಿಮೆ. ಅದು ಹಿಂದುಳಿದಂತಾಗಿ ಅಲ್ಲಿಯೂ ಉಬ್ಬುತ್ತದೆ. ಹೀಗಾಗಿ ಚಂದ್ರನ ಒಂದು ಸುತ್ತಿನಲ್ಲಿ ಎರಡು ಉಬ್ಬರ. 50ರ ಅರ್ಧ 25. ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಸೂರ್ಯನೂ ಅದೇ ಗೆರೆಯಲ್ಲಿ ನಿಂತು ಕೈಗೂಡಿಸುವುದರಿಂದ ಉಬ್ಬರ ಇನ್ನಷ್ಟು ಮೇಲೇರುತ್ತದೆ, ಇಳಿತವೂ ಇನ್ನಷ್ಟು ಕೆಳಗಿಳಿಯುತ್ತದೆ.

ಹೀಗೆ ಏರಿಳಿಯುವ ನೀರನ್ನು ಗಂಟೆ ಗಂಟೆಗೂ, ವರ್ಷಗಟ್ಟಲೆ ಅಳೆದು ತೆಗೆದ ಸರಾಸರಿಯೇ ಸಮುದ್ರಮಟ್ಟ. 1909ರಲ್ಲಿ ಆಗಿನ ಭಾರತದ ಒಂಬತ್ತು ಬಂದರುಗಳಲ್ಲಿ ಅಳೆದ ಮಟ್ಟವನ್ನು ಆಧಾರವಾಗಿಟ್ಟುಕೊಂಡು ದೇಶದ ಎತ್ತರಗಳನ್ನು ಗೊತ್ತುಮಾಡಿದರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು.

ಅಲೆ ಬರುತ್ತದೆ, ನೀರು ಬರುತ್ತದೆಯೇ?

ಮನೆಯ ಕಲ್ಲುಬಾನಿಯಲ್ಲಿ ನೀರು ತುಂಬಿ, ಅದರ ಮೇಲೆ ಒಂದು ಒಣ ಎಲೆಯನ್ನು ಬಿಡಿ. ಒಂದು ತುದಿಯಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿ. ಅಲೆ ಇನ್ನೊಂದು ತುದಿಗೆ ಓಡುತ್ತದೆ, ಎಲೆ ಮಾತ್ರ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ. ಆಳವಾದ ಕಡಲಿನಲ್ಲಿಯೂ ಹೀಗೆಯೇ. ಎಲ್ಲೋ ದೂರದಲ್ಲಿ ಗಾಳಿ ನೀರಿಗೆ ಕೊಟ್ಟ ಶಕ್ತಿ ಅಲೆಯಾಗಿ ನೂರಾರು ಕಿಲೋಮೀಟರ್ ಪ್ರಯಾಣ ಮಾಡುತ್ತದೆ. ನೀರು ಅಲ್ಲಲ್ಲೇ ಸುತ್ತುತ್ತಿರುತ್ತದೆ.

ದಡದ ಹತ್ತಿರ ಕಥೆ ಬದಲಾಗುತ್ತದೆ. ಆಳ ಕಡಿಮೆಯಾದಂತೆ ಅಲೆಯ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಮುಂದಕ್ಕೆ ವಾಲುತ್ತದೆ, ಕಡೆಗೆ ಮುಗ್ಗರಿಸಿ ಒಡೆಯುತ್ತದೆ. ಈಗ ನೀರು ನಿಜವಾಗಿಯೂ ದಡಕ್ಕೆ ನುಗ್ಗುತ್ತದೆ. ಒಂದರ ಹಿಂದೆ ಒಂದು ಅಲೆ ಹೀಗೆ ತಂದು ಸುರಿದ ನೀರೆಲ್ಲ ಎಲ್ಲಿಗೆ ಹೋಗಬೇಕು?

ಕಡಲಿಗೇ ಮರಳಬೇಕು. ಆದರೆ ಅದು ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಮರಳುವುದಿಲ್ಲ. ನೀರಿನಡಿಯಲ್ಲಿ ಮರಳಿನ ದಿಬ್ಬಗಳಿರುತ್ತವೆ. ದಿಬ್ಬಗಳ ನಡುವೆ ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ನೀರೆಲ್ಲ ಸೇರಿಕೊಂಡು ಒಂದು ಹೊಳೆಯಂತೆ ಕಡಲಿನತ್ತ ಹರಿಯುತ್ತದೆ. ಕೆರೆಯ ತೂಬು ತೆಗೆದಾಗ ಸುತ್ತಲ ನೀರು ಅದರತ್ತ ಓಡುವುದನ್ನು ನೀವು ಕಂಡಿದ್ದೀರಿ. ಇದೂ ಕಡಲಿನ ತೂಬೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಇದನ್ನೇ ಸೆಳೆತ ಎನ್ನುವುದು. ಹತ್ತಿಪ್ಪತ್ತು ಮೀಟರ್ ಅಗಲವಿದ್ದರೆ ಸಾಕು, ಕೆಲವೊಮ್ಮೆ ಅದು ಸೆಕೆಂಡಿಗೆ ಎರಡು ಮೀಟರಿನಷ್ಟು ವೇಗದಲ್ಲಿ ಹರಿಯುತ್ತದೆ. ಒಳ್ಳೆಯ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ.

ಸೆಳೆತದ ದೊಡ್ಡ ಮೋಸ ಅದರ ರೂಪದಲ್ಲಿದೆ. ತಗ್ಗಿನ ಜಾಗದಲ್ಲಿ ಆಳ ಹೆಚ್ಚು, ಆದ್ದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ಎರಡೂ ಪಕ್ಕದಲ್ಲಿ ಬಿಳಿ ನೊರೆ ಅಬ್ಬರಿಸುತ್ತಿದ್ದರೆ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಅಥವಾ ಮರಳು ಕಲಸಿದ ಬಣ್ಣದಲ್ಲಿ ಕಾಣುತ್ತದೆ. ಹೊಸಬರು ಏನು ಮಾಡುತ್ತಾರೆ? ಅಲೆಗೆ ಹೆದರಿ ಆ ಶಾಂತವಾದ ಜಾಗವನ್ನೇ ಆರಿಸಿಕೊಳ್ಳುತ್ತಾರೆ.

ನಾನೂ ಹಾಗೆಯೇ ಆರಿಸಿಕೊಂಡವನು. ಎಂ.ಎಸ್ಸಿ. ಓದುತ್ತಿದ್ದಾಗ ಗೆಳೆಯರ ಜೊತೆ ಮಲ್ಪೆಗೆ ಹೋಗಿದ್ದೆ. ಹೇಮಾವತಿಯಲ್ಲಿ ಈಜು ಕಲಿತವನೆಂಬ ಜಂಬ ಬೇರೆ. ನೊರೆಯಿಲ್ಲದ ಜಾಗ ನೋಡಿ ಇಳಿದೆ. ನೀರು ಸೊಂಟದವರೆಗೂ ಬಂದಿರಲಿಲ್ಲ, ಪಾದದಡಿಯ ಮರಳು ಜಾರತೊಡಗಿತು. ಮುಂದಿನ ಅಲೆಗೆ ಕಾಲು ನೆಲ ಬಿಟ್ಟಿತು. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಓಡಿ ಬಂದು ಹಗ್ಗ ಎಸೆದರು. ಹೊರಗೆ ಎಳೆದುಕೊಂಡ ಮೇಲೆ ಅವರು ಬೈಯಲಿಲ್ಲ. "ಅದು ಕಡಲು ವಾಪಸ್ ಹೋಗುವ ದಾರಿ ಮಾರಾಯ್ರೇ, ಅಲ್ಲಿ ಹೋಗಿ ನಿಂತರೆ ಅದು ಕರೆದುಕೊಂಡು ಹೋಗದೆ ಮತ್ತೇನು ಮಾಡ್ತದೆ?" ಎಂದರು. ಭೌತವಿಜ್ಞಾನ ಓದುತ್ತಿದ್ದ ನನಗೆ ಅಂದು ಪಾಠ ಮಾಡಿದ್ದು ಆ ಒಂದು ವಾಕ್ಯ.

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರಿನಲ್ಲಿ ಕೊಚ್ಚಿಹೋಗಿ ತೀರಿಕೊಂಡರು. ನಿಮ್ಮಂತೆಯೇ ಒಳನಾಡಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳು. ಈ ಲೇಖನ ಬರೆಯಲು ಕುಳಿತದ್ದು ಆ ಸುದ್ದಿ ಮನಸ್ಸಿನಿಂದ ಹೋಗದೆ ಇದ್ದುದರಿಂದ.

ಆದ್ದರಿಂದ ತೀರಕ್ಕೆ ಹೋದ ಕೂಡಲೇ ಓಡಬೇಡಿ. ಹತ್ತು ನಿಮಿಷ ಮರಳಿನ ಮೇಲೆ ಕುಳಿತು ನೋಡಿ. ನೊರೆ ಎಲ್ಲಿ ಏಳುತ್ತದೆ, ಎಲ್ಲಿ ಏಳುವುದಿಲ್ಲ? ಒಂದು ತೆಂಗಿನ ಸಿಪ್ಪೆ ತೇಲುತ್ತಿದ್ದರೆ ಅದು ಯಾವ ಕಡೆ ಸಾಗುತ್ತಿದೆ? ಜೀವರಕ್ಷಕರು ಎಲ್ಲಿ ನಿಂತಿದ್ದಾರೆ? ಅವರನ್ನು ಕೇಳದೆ ನೀರು ಮುಟ್ಟಬೇಡಿ. ಕೇಳಿದ ಮೇಲೂ ಮೊಣಕಾಲಿಗಿಂತ ಮೇಲೆ ನೀರು ಬರುವಲ್ಲಿಗೆ ಹೋಗಬೇಡಿ, ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡಿ. ಕೆರೆಯಲ್ಲಿ ಈಜು ಬರುತ್ತದೆ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಅಕಸ್ಮಾತ್ ಯಾರಾದರೂ ಸೆಳೆತಕ್ಕೆ ಸಿಕ್ಕರೆ? ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಒಳಕಡಲಿನತ್ತ ಎಳೆಯುತ್ತದೆ. ದಡದ ಕಡೆಗೇ ಈಜಲು ಹೋಗಿ ಸುಸ್ತಾಗುವುದರಿಂದಲೇ ಹೆಚ್ಚಿನವರು ಮುಳುಗುತ್ತಾರೆ. ಮುಖ ಮೇಲೆ ಮಾಡಿ ತೇಲಬೇಕು, ಕೈ ಎತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ, ಅಂದರೆ ಪಕ್ಕಕ್ಕೆ ಈಜಬೇಕು. ಆ ಕಿರಿದಾದ ಪಟ್ಟಿಯಿಂದ ಹೊರಬಂದರೆ ಅಲೆಗಳೇ ದಡಕ್ಕೆ ನೂಕುತ್ತವೆ. ದಡದಲ್ಲಿರುವ ಗೆಳೆಯರು ಮಾತ್ರ ಕಾಪಾಡಲೆಂದು ನೀರಿಗೆ ಹಾರಬಾರದು. ಒಬ್ಬರ ಹಿಂದೆ ಒಬ್ಬರು ಹೋಗಿ ಮೂರು ನಾಲ್ಕು ಜೀವ ಹೋದ ಉದಾಹರಣೆಗಳು ಬೇಕಾದಷ್ಟಿವೆ. ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಿಸಿ, ಹಗ್ಗವನ್ನೋ, ಮುಚ್ಚಳ ಹಾಕಿದ ಖಾಲಿ ಕ್ಯಾನನ್ನೋ ಎಸೆಯಿರಿ. ಮಲ್ಪೆಗೆ ಹೋಗುವ ಪ್ರತಿ ಬಸ್ಸಿನಲ್ಲೂ ಒಂದು ಉದ್ದದ ಹಗ್ಗ ಮತ್ತು ಐದು ಲೀಟರಿನ ಎರಡು ಖಾಲಿ ಕ್ಯಾನ್ ಇರಲಿ ಎಂದು ಶಿಕ್ಷಕ ಮಿತ್ರರಲ್ಲಿ ನನ್ನ ಕೋರಿಕೆ.

ಕಲ್ಲಿನ ಕಂಬಗಳ ದ್ವೀಪ

ಮಲ್ಪೆಯಿಂದ ಬೋಟಿನಲ್ಲಿ ಹೋದರೆ ಸುಮಾರು 6 ಕಿಲೋಮೀಟರ್ ದೂರದಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ. ಊರಿನವರು ತೋನ್ಸೆಪಾರ್ ಎನ್ನುವುದೂ ಇದನ್ನೇ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈ ಹೆಸರಿಟ್ಟನೆಂಬ ಪ್ರತೀತಿ ಇದೆ. ಯಾರೂ ವಾಸವಿಲ್ಲದ ಈ ದ್ವೀಪಕ್ಕೆ ಮಳೆಗಾಲದಲ್ಲಿ ಬೋಟು ಬಿಡುವುದಿಲ್ಲ.

ಇಲ್ಲಿನ ಬಂಡೆಗಳನ್ನು ಕಂಡವರು ಯಾರೋ ಶಿಲ್ಪಿ ಕಡಿದಿಟ್ಟ ಕಂಬಗಳೆಂದೇ ತಿಳಿಯುತ್ತಾರೆ. ಐದು, ಆರು, ಏಳು ಮೂಲೆಗಳ ಕಲ್ಲಿನ ಕಂಬಗಳು ಒಂದಕ್ಕೊಂದು ಅಂಟಿ ನಿಂತಿವೆ. ಉಳಿ ಹಿಡಿದವರು ಯಾರೂ ಇಲ್ಲ. ಬೇಸಿಗೆಯಲ್ಲಿ ನಿಮ್ಮೂರ ಕೆರೆ ಒಣಗಿದಾಗ ಅಂಗಳದ ಕೆಸರು ಬಿರಿದು ಹಪ್ಪಳದಂಥ ತುಂಡುಗಳಾಗುತ್ತದಲ್ಲವೇ? ನೀರು ಆರಿದಂತೆ ಕೆಸರು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಜ್ವಾಲಾಮುಖಿಯಿಂದ ಹೊರಬಂದ ಲಾವಾರಸ ತಣ್ಣಗಾಗುವಾಗಲೂ ಹಾಗೆಯೇ ಕುಗ್ಗಿತು, ಮೇಲ್ಭಾಗ ಬಿರಿಯಿತು. ಒಳಗಿನ ರಸ ತಣಿಯುತ್ತ ಹೋದಂತೆ ಬಿರುಕು ಕೆಳಕ್ಕೆ ಇಳಿಯುತ್ತ ಹೋಗಿ ಕಂಬಗಳಾದವು. ಒಂದು ಬಿಂದುವಿನಲ್ಲಿ ಮೂರು ಬಿರುಕುಗಳು ಸಮನಾಗಿ ಕೂಡಿದರೆ ನಡುವಿನ ಕೋನ 120 ಡಿಗ್ರಿ. ಎಲ್ಲ ಮೂಲೆಗಳೂ 120 ಡಿಗ್ರಿ ಇರುವ ಆಕೃತಿ ಯಾವುದು? ಕೋನಮಾಪಕ ತೆಗೆದು ನೀವೇ ಬರೆದು ನೋಡಿ. ಜೇನುಹುಟ್ಟಿನ ನೆನಪಾದೀತು.

ಈ ಲಾವಾ ಹರಿದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಭಾರತವೂ ಮಡಗಾಸ್ಕರ್ ದ್ವೀಪವೂ ಒಂದಕ್ಕೊಂದು ಅಂಟಿಕೊಂಡಿದ್ದು, ಬೇರೆಯಾಗುತ್ತಿದ್ದ ಕಾಲ ಅದು. ಮಲ್ಪೆಯ ಕಡಲಿಗೆ ಈ ಬದಿಯಲ್ಲಿ ದಡ ಮೂಡಿದ್ದೇ ಆ ಬಿರುಕಿನಿಂದ ಎನ್ನಬಹುದು. ಹಾಗಾಗಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಕಂಬದ ಚೂರನ್ನು ಜೇಬಿಗೆ ಹಾಕಿಕೊಂಡು ಬರಬೇಡಿ.

8.8 ಕೋಟಿ ವರ್ಷ ಎಂದೊಡನೆ ಮಕ್ಕಳು ಬಾಯಿ ಬಿಡುತ್ತಾರೆ. ನನಗೆ ಒಳಗೊಳಗೇ ನಗು. ಏಕೆಂದರೆ ನಮ್ಮ ಗೊರೂರಿನ ಸುತ್ತಲಿನ ನೈಸ್ ಶಿಲೆಗಳ ವಯಸ್ಸು ಸುಮಾರು 330 ಕೋಟಿ ವರ್ಷ! ನಾವು ದಿನವೂ ತುಳಿಯುವ ಬಂಡೆಯ ಮುಂದೆ ಆ ದ್ವೀಪ ನಿನ್ನೆ ಹುಟ್ಟಿದ ಕೂಸು. ಹೊಳೆನರಸೀಪುರದ ಸುತ್ತಲ ಶಿಲೆಗಳನ್ನು ನೋಡಲು ಹೊರದೇಶದ ಭೂವಿಜ್ಞಾನಿಗಳೂ ಬರುತ್ತಾರೆ. ನಾವು ಅದರ ಮೇಲೆ ಹುಲ್ಲಿನ ಮೆದೆ ಹಾಕಿರುತ್ತೇವೆ!

ದ್ವೀಪದಲ್ಲಿ ಒಂದು ಎಚ್ಚರ ಬೇಕು. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಮೇಲೇಳುವ ಬಂಡೆಗಳ ಮೇಲೆ ಪಾಚಿ ಬೆಳೆದಿರುತ್ತದೆ. ಬಣ್ಣ ಕಪ್ಪಾಗಿ ಹೊಳೆಯುತ್ತಿದ್ದರೆ ಅದು ಜಾರುವ ಬಂಡೆ ಎಂದೇ ತಿಳಿಯಿರಿ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದ ಬಂಡೆಗಳ ಬಳಿ ನೀರಿಗೆ ಬಿದ್ದು ಸತ್ತರು. ಫೋಟೋ ತೆಗೆಸಿಕೊಳ್ಳುವುದಾದರೆ ಒಣಗಿದ, ಬೂದು ಬಣ್ಣದ ಎತ್ತರದ ಕಂಬಗಳ ಬಳಿ ನಿಲ್ಲಿ. ಚಿತ್ರವೂ ಅಲ್ಲಿಯೇ ಚೆನ್ನಾಗಿ ಬರುತ್ತದೆ.

ಮಾಡಿ ನೋಡಿ

ನಿಮ್ಮ ತಂಡ ಬೆಳಿಗ್ಗೆ 8 ಗಂಟೆಗೆ ಮಲ್ಪೆ ತಲುಪಿದಾಗ ಸರಿಯಾಗಿ ಉಬ್ಬರದ ತುದಿ ಇದೆ ಎಂದುಕೊಳ್ಳಿ. ಹಾಗಾದರೆ ನೀರು ಅತ್ಯಂತ ಕೆಳಗಿಳಿಯುವುದು ಸುಮಾರು ಎಷ್ಟು ಗಂಟೆಗೆ? ಮುಂದಿನ ಉಬ್ಬರ ರಾತ್ರಿ ಎಷ್ಟು ಹೊತ್ತಿಗೆ? ಉಡುಪಿಯಲ್ಲಿ ಉಳಿದು ಮರುದಿನ ಬೆಳಿಗ್ಗೆ ಮತ್ತೆ ತೀರಕ್ಕೆ ಬಂದರೆ ಉಬ್ಬರಕ್ಕಾಗಿ ಎಷ್ಟು ಗಂಟೆಯವರೆಗೆ ಕಾಯಬೇಕು? ಉತ್ತರವನ್ನು ಹೊರಡುವ ಮುಂಚೆಯೇ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಅಲ್ಲಿ ಮರಳಿನಲ್ಲಿ ಕಡ್ಡಿ ನೆಟ್ಟು, ಮೇಷ್ಟರ ಗಡಿಯಾರ ಇಸಿದುಕೊಂಡು ತಾಳೆ ನೋಡಿ. ಹತ್ತಿಪ್ಪತ್ತು ನಿಮಿಷ ಹೆಚ್ಚು ಕಡಿಮೆಯಾದರೆ ಲೆಕ್ಕ ತಪ್ಪಿತೆಂದು ಅಳಿಸಬೇಡಿ. ಗಾಳಿ ಮತ್ತು ಅಳಿವೆಯ ಆಕಾರವೂ ಸ್ವಲ್ಪ ಕೈಯಾಡಿಸುತ್ತವೆ. ಕಂಡ ಸಮಯವನ್ನೂ ಲೆಕ್ಕದ ಸಮಯವನ್ನೂ ಅಕ್ಕಪಕ್ಕದಲ್ಲಿ ಬರೆದು, ಶಾಲೆಗೆ ಮರಳಿದ ಮೇಲೆ ಗೋಡೆಪತ್ರಿಕೆಗೆ ಅಂಟಿಸಿ.